ವಿದ್ಯಾರ್ಥಿಯೊಬ್ಬರು ನಂಬಿ ಹೇಳಿಕೊಂಡಾಗ: ಬೋಧಕರೂ ಸಿಬ್ಬಂದಿಯೂ ಮಾಡಬೇಕಾದುದೇನು?

ಉಪನ್ಯಾಸಕಿ (ಚರ್ಚೆ ಆರಂಭಿಸಿದವರು):

ಕೆಲವು ದಿನಗಳ ಹಿಂದೆ ವಿದ್ಯಾರ್ಥಿಯೊಬ್ಬರು ನನ್ನ ಕೊಠಡಿಗೆ ಬಂದಿದ್ದರು. ಕಿರುಪರೀಕ್ಷೆಯ ಅಂಕಗಳ ಬಗ್ಗೆ ಹತ್ತು ನಿಮಿಷ ಮಾತನಾಡಿ, ಎದ್ದು, ಬಾಗಿಲವರೆಗೆ ಹೋದವರು ಅಲ್ಲೇ ನಿಂತು, ತಾವು ಸಲಿಂಗಪ್ರೇಮಿ ಎಂದು ಹೇಳಿದರು. ನನ್ನಿಂದ ಏನನ್ನೂ ಕೇಳಲಿಲ್ಲ. ಏನು ಹೇಳಬೇಕೆಂದು ತೋಚದೆ ನಾನು "ನನಗೇನೂ ಅಭ್ಯಂತರವಿಲ್ಲ" ಎಂದುಬಿಟ್ಟೆ. ಅವರು ತಲೆಯಾಡಿಸಿ ಹೊರಟುಹೋದರು. ಅಂದಿನಿಂದ ಆ ಮಾತು ನನ್ನನ್ನು ಕಾಡುತ್ತಿದೆ. ಅಭ್ಯಂತರವಿಲ್ಲ ಎನ್ನಬೇಕಾದರೆ ಯಾರಾದರೂ ಅನುಮತಿ ಕೇಳಿರಬೇಕಲ್ಲವೇ? ಅವರು ಅನುಮತಿ ಕೇಳಲು ಬಂದಿರಲಿಲ್ಲ.

ಲೈಂಗಿಕ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಒತ್ತಾಸೆಯಾಗಿ ನಿಲ್ಲಬೇಕೆಂದು ನಾನೂ ಸಭೆಗಳಲ್ಲಿ ಮಾತನಾಡಿದವಳೇ. ಆದರೆ ಒಬ್ಬರು ಎದುರಿಗೆ ಬಂದು ನಿಂತಾಗ ನನ್ನ ಬಳಿ ಒಂದು ನೆಟ್ಟಗಿನ ವಾಕ್ಯವೂ ಇರಲಿಲ್ಲ. ಬೋಧಕರು, ಕಚೇರಿಯ ಸಿಬ್ಬಂದಿ, ಹಳೆಯ ವಿದ್ಯಾರ್ಥಿಗಳು, ಹೀಗೆ ಇದನ್ನು ಹತ್ತಿರದಿಂದ ಬಲ್ಲವರು ಇಲ್ಲಿದ್ದರೆ, ಮುಂದಿನ ಸಲ ನಾನು ಏನು ಮಾಡಬೇಕೆಂಬುದನ್ನು ದಯವಿಟ್ಟು ಹೇಳಿ.

ಹಳೆಯ ವಿದ್ಯಾರ್ಥಿ:

ಮೇಡಂ, ಉಳಿದ ಮಾತಿಗೆ ಮೊದಲು ಒಂದು ವಿನಂತಿ. ನಿಮ್ಮ ಬರಹದಲ್ಲಿ ಆ ವಿದ್ಯಾರ್ಥಿಯ ಸೆಮಿಸ್ಟರ್ ಹಾಗೂ ಐಚ್ಛಿಕ ವಿಷಯದ ಹೆಸರು ಇದೆ. ಆ ಎರಡು ಸಂಗತಿಗಳು ಸಾಕು, ನಿಮ್ಮ ವಿಭಾಗದ ಯಾರಾದರೂ ಇದನ್ನು ಓದಿದರೆ ಹತ್ತು ಹನ್ನೆರಡು ಹೆಸರುಗಳಿಗೆ ಬಂದು ನಿಲ್ಲುತ್ತಾರೆ. ಅಲ್ಲಿಂದ ಒಂದು ಹೆಸರಿಗೆ ಬರಲು ಒಂದು ಸಂಜೆಯ ಹರಟೆ ಸಾಕು. ದಯವಿಟ್ಟು ಅವನ್ನು ತೆಗೆದುಬಿಡಿ.

ಕಟುವಾಗಿ ಹೇಳುತ್ತಿಲ್ಲ. ನನ್ನ ವಿಷಯದಲ್ಲಿ ಆದದ್ದು ಹೀಗೆಯೇ, ಅದಕ್ಕಾಗಿ ಹೇಳುತ್ತಿದ್ದೇನೆ. ನಾನು ನಂಬಿ ಹೇಳಿಕೊಂಡ ಬೋಧಕರು ನಿಜಕ್ಕೂ ಒಳ್ಳೆಯವರಾಗಿದ್ದರು. ನನಗೆ ಯಾರಿಂದಲೂ ನೋವಾಗಬಾರದೆಂಬ ಕಾಳಜಿಯಿಂದಲೇ ಇಬ್ಬರು ಸಹೋದ್ಯೋಗಿಗಳಿಗೆ "ಆ ಹುಡುಗನನ್ನು ಸ್ವಲ್ಪ ನೋಡಿಕೊಳ್ಳಿ" ಎಂದು ಕಾರಣಸಹಿತ ಹೇಳಿದರು. ಒಂದು ವಾರದೊಳಗೆ ವಿದ್ಯಾರ್ಥಿನಿಲಯದಲ್ಲಿ ನನ್ನ ಕೊಠಡಿಯ ಜೊತೆಗಾರರು ಬೇರೆ ಕೊಠಡಿಗೆ ಅರ್ಜಿ ಹಾಕಿದ್ದರು. ಆ ಬೋಧಕರ ಮೇಲೆ ನನಗೆ ಇಂದಿಗೂ ಸಿಟ್ಟು ಬರುವುದಿಲ್ಲ, ಆದರೆ ಆಮೇಲೆ ಓದು ಮುಗಿಯುವವರೆಗೂ ನಾನು ಇನ್ನಾವ ಬೋಧಕರಿಗೂ ಏನನ್ನೂ ಹೇಳಿಕೊಳ್ಳಲಿಲ್ಲ.

ಬಾಗಿಲ ಬಳಿ ನಿಂತಿದ್ದಾಗ ನಾನು ಕೇಳಬಯಸಿದ್ದ ಮಾತು ಇಷ್ಟೇ: "ನನ್ನನ್ನು ನಂಬಿ ಹೇಳಿದ್ದು ಒಳ್ಳೆಯದಾಯಿತು. ಇದು ಇನ್ನು ಯಾರಿಗೆ ಗೊತ್ತಿದೆ? ಯಾರಿಗೆ ಗೊತ್ತಾಗಬಾರದು?" ಈ ಎರಡನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಮನೆಗೆ ಫೋನ್ ಮಾಡುವಾಗ, ಶಿಫಾರಸು ಪತ್ರ ಬರೆಯುವಾಗ, ವಿಭಾಗದ ಸಭೆಯಲ್ಲಿ ಮಾತನಾಡುವಾಗ ಆ ಉತ್ತರವೇ ನಿಮ್ಮ ಕೈಹಿಡಿಯುತ್ತದೆ.

ಉಪನ್ಯಾಸಕಿ (ಚರ್ಚೆ ಆರಂಭಿಸಿದವರು):

ಎರಡೂ ವಿವರಗಳನ್ನು ಈಗಷ್ಟೇ ತೆಗೆದಿದ್ದೇನೆ. ಸಹಾಯ ಕೇಳುವ ಭರದಲ್ಲಿ ನಾನೇ ಆ ತಪ್ಪು ಮಾಡಿದ್ದೇನೆಂಬುದು ಹೊಳೆದಿರಲಿಲ್ಲ. ಉಪಕಾರವಾಯಿತು.

ಮನಶ್ಶಾಸ್ತ್ರದ ನಿವೃತ್ತ ಪ್ರಾಧ್ಯಾಪಕ:

ಬೋಧಕರು ವಿದ್ಯಾರ್ಥಿಯ ಮಾತನ್ನು ನೆಟ್ಟಗೆ ಕೇಳಿಸಿಕೊಂಡರೆ ಏನಾಗಬಹುದು ಎಂಬುದಕ್ಕೆ ನಮ್ಮ ಶಾಸ್ತ್ರದ ಚರಿತ್ರೆಯಲ್ಲೇ ಒಂದು ದೊಡ್ಡ ನಿದರ್ಶನವಿದೆ. 1940ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬಾಹ್ಯ ತರಗತಿಗಳಲ್ಲಿ ಎವೆಲಿನ್ ಹುಕರ್ ಎಂಬವರು ಮನಶ್ಶಾಸ್ತ್ರ ಕಲಿಸುತ್ತಿದ್ದರು. ಅವರ ವಿದ್ಯಾರ್ಥಿ ಸ್ಯಾಮ್ ಫ್ರಾಮ್ ಸಲಿಂಗಪ್ರೇಮಿ. ಅವರು ತಮ್ಮ ಗೆಳೆಯರ ಬಳಗಕ್ಕೆ ಈ ಅಧ್ಯಾಪಕಿಯನ್ನು ಪರಿಚಯಿಸಿ, ನಮ್ಮಂಥವರನ್ನು ಅಧ್ಯಯನ ಮಾಡುವುದು ನಿಮ್ಮ ಕರ್ತವ್ಯ ಎಂದು ಒತ್ತಾಯಿಸಿದರು. ಆ ಕಾಲದ ಪಠ್ಯಪುಸ್ತಕಗಳಿಗೆ ಸಲಿಂಗಪ್ರೇಮವೆಂದರೆ ರೋಗ. ಆ ತೀರ್ಮಾನಕ್ಕೆ ಬಂದಿದ್ದವರು ನೋಡಿದ್ದು ಬಹುಪಾಲು ಆಸ್ಪತ್ರೆಗಳಲ್ಲಿ, ಸೆರೆಮನೆಗಳಲ್ಲಿ ಇದ್ದವರನ್ನು ಮಾತ್ರ.

ಹುಕರ್ 1953ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಿಂದ ಅನುದಾನ ಪಡೆದು, 30 ಮಂದಿ ಸಲಿಂಗಪ್ರೇಮಿ ಪುರುಷರಿಗೂ ಅಷ್ಟೇ ಸಂಖ್ಯೆಯ ಭಿನ್ನಲಿಂಗಪ್ರೇಮಿ ಪುರುಷರಿಗೂ ಒಂದೇ ಬಗೆಯ ಮನಶ್ಶಾಸ್ತ್ರೀಯ ಪರೀಕ್ಷೆಗಳನ್ನು ಕೊಟ್ಟರು. ಉತ್ತರಗಳಿಂದ ಗುರುತುಗಳನ್ನೆಲ್ಲ ಅಳಿಸಿ ನುರಿತ ತಜ್ಞರ ಮುಂದಿಟ್ಟಾಗ, ಯಾವುದು ಯಾರದೆಂದು ಬೇರ್ಪಡಿಸಲು ಅವರಿಂದ ಆಗಲಿಲ್ಲ. 1956ರಲ್ಲಿ ಷಿಕಾಗೋದಲ್ಲಿ ಮಂಡಿಸಿ 1957ರಲ್ಲಿ ಪ್ರಕಟಿಸಿದ ಈ ಕೆಲಸ, 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಸಲಿಂಗಪ್ರೇಮವನ್ನು ಮನೋರೋಗಗಳ ಪಟ್ಟಿಯಿಂದ ಕೈಬಿಡಲು ಹಿನ್ನೆಲೆಯಾದವುಗಳಲ್ಲೊಂದು. ವಿಶ್ವ ಆರೋಗ್ಯ ಸಂಸ್ಥೆ ಅದೇ ಹೆಜ್ಜೆಯನ್ನು ಇಟ್ಟದ್ದು 1990ರಲ್ಲಿ.

ನನಗೆ ಇದರಲ್ಲಿ ಅತ್ಯಂತ ಮುಖ್ಯವೆನಿಸುವುದು ಪರೀಕ್ಷೆಗಳ ಫಲಿತಾಂಶಕ್ಕಿಂತ ಅವು ನಡೆದ ಜಾಗ. ವಿಶ್ವವಿದ್ಯಾಲಯದ ಆವರಣಕ್ಕೆ ಬಂದರೆ ಆ ಪುರುಷರ ಗುಟ್ಟು ಬಯಲಾಗುತ್ತದೆ, ಕೆಲಸ ಹೋಗುತ್ತದೆ ಎಂದು ಹುಕರ್ ಅವರಿಗೆ ಗೊತ್ತಿತ್ತು. ಆದ್ದರಿಂದ ತಮ್ಮ ಮನೆಯ ತೋಟದಲ್ಲಿದ್ದ ಪುಟ್ಟ ಕಟ್ಟಡದಲ್ಲಿಯೇ ಎಲ್ಲವನ್ನೂ ನಡೆಸಿದರು. ಮೇಲೆ ಹಳೆಯ ವಿದ್ಯಾರ್ಥಿ ಹೇಳಿದ "ಯಾರಿಗೆ ಗೊತ್ತಾಗಬಾರದು" ಎಂಬ ಪ್ರಶ್ನೆಯನ್ನು ಆಕೆ ಸಂಶೋಧನೆಯ ಮೊದಲ ನಿಯಮವನ್ನಾಗಿ ಮಾಡಿಕೊಂಡಿದ್ದರು.

ಗಣಿತ ಬೋಧಕ:

ಇಲ್ಲಿ ಬರೆದವರೆಲ್ಲರ ಮೇಲೂ ಗೌರವವಿಟ್ಟುಕೊಂಡೇ ಒಂದು ಸಂದೇಹವನ್ನು ಹೇಳುತ್ತೇನೆ. ನಾನು ಕಲಿಸುವುದು ಗಣಿತ. ನನ್ನ ತರಗತಿಯಲ್ಲಿ ಯಾರು ಯಾರನ್ನು ಪ್ರೀತಿಸುತ್ತಾರೆಂಬುದು ನನಗೆ ಬೇಡದ ವಿಷಯ, ತಿಳಿಯಬಾರದ ವಿಷಯವೂ ಹೌದು. ಉತ್ತರಪತ್ರಿಕೆಯಲ್ಲಿ ನೋಂದಣಿ ಸಂಖ್ಯೆ ಮಾತ್ರ ಇರುತ್ತದೆ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತೇನೆ. ಇಷ್ಟು ಸಾಲದೆ? ಎಲ್ಲ ಬೋಧಕರೂ ಆಪ್ತಸಮಾಲೋಚಕರಾಗಬೇಕು ಎಂಬ ನಿರೀಕ್ಷೆ ನನಗೆ ಸರಿಕಾಣುವುದಿಲ್ಲ. ಅರ್ಧ ತಿಳಿದವರು ಸಲಹೆ ಕೊಡುವುದಕ್ಕಿಂತ ಏನೂ ಹೇಳದಿರುವುದೇ ಮೇಲಲ್ಲವೇ?

ಸಂಶೋಧನಾ ವಿದ್ಯಾರ್ಥಿನಿ:

ಸರ್, ನಿಮ್ಮ ಶಾಸ್ತ್ರದಿಂದಲೇ ಒಂದು ಪ್ರಸಂಗವನ್ನು ಹೇಳುತ್ತೇನೆ. ಕೇಂಬ್ರಿಜ್‌ನಲ್ಲಿ ಅಲನ್ ಟ್ಯೂರಿಂಗ್ ಅವರಿಗೆ ಗಣಿತದ ತಳಹದಿಯ ಬಗ್ಗೆ ಪಾಠ ಹೇಳಿದವರು ಮ್ಯಾಕ್ಸ್ ನ್ಯೂಮನ್. ಗಣನಯಂತ್ರವನ್ನು ಕುರಿತ ಟ್ಯೂರಿಂಗ್ ಅವರ ಪ್ರಸಿದ್ಧ ಲೇಖನಕ್ಕೆ ಪ್ರೇರಣೆಯಾದ ಪ್ರಶ್ನೆ ಎದ್ದದ್ದು ಆ ತರಗತಿಯಲ್ಲಿ. ಮುಂದೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಅವರಿಬ್ಬರೂ ಒಂದೇ ವಿಭಾಗದಲ್ಲಿದ್ದರು. 1952ರಲ್ಲಿ ಇನ್ನೊಬ್ಬ ಪುರುಷನೊಂದಿಗಿನ ಸಂಬಂಧಕ್ಕಾಗಿ ಟ್ಯೂರಿಂಗ್ ಅವರ ಮೇಲೆ ಮೊಕದ್ದಮೆ ನಡೆದಾಗ, ನ್ಯೂಮನ್ ನ್ಯಾಯಾಲಯಕ್ಕೆ ಹೋಗಿ ಅವರ ನಡತೆಯ ಪರವಾಗಿ ಸಾಕ್ಷಿ ನುಡಿದರು. ತೀರ್ಪು ಬದಲಾಗಲಿಲ್ಲ, ಸೆರೆವಾಸದ ಬದಲು ಹಾರ್ಮೋನು ಚಿಕಿತ್ಸೆಯ ಶಿಕ್ಷೆಯನ್ನು ಟ್ಯೂರಿಂಗ್ ಅನುಭವಿಸಬೇಕಾಯಿತು, 1954ರಲ್ಲಿ ಅವರು ತೀರಿಕೊಂಡರು. ಆದರೆ ವಿಶ್ವವಿದ್ಯಾಲಯದ ಕೆಲಸ ಮಾತ್ರ ಅವರ ಕೈತಪ್ಪಲಿಲ್ಲ. ನ್ಯೂಮನ್ ಅಲ್ಲಿ ಸಮಾಲೋಚನೆಯನ್ನೇನೂ ನಡೆಸಲಿಲ್ಲ. ತಮ್ಮ ಹೆಸರಿಗೆ, ಹುದ್ದೆಗೆ ಇದ್ದ ತೂಕವನ್ನು ಇನ್ನೊಬ್ಬರ ಪಕ್ಕದಲ್ಲಿಟ್ಟರು, ಅಷ್ಟೆ.

ತಕ್ಕಡಿಯ ಮಾತಿಗೆ ಬರುತ್ತೇನೆ. ಉತ್ತರಪತ್ರಿಕೆಯ ಮಟ್ಟಿಗೆ ನೀವು ಹೇಳುವುದು ಪೂರ್ತಿ ಸರಿ. ಆದರೆ ತರಗತಿಯ ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರ ನಡಿಗೆಯನ್ನು, ದನಿಯನ್ನು ಅಣಕಿಸಿದಾಗ, ನೀವು ಕಪ್ಪುಹಲಗೆಯ ಕಡೆಗೆ ತಿರುಗಿ ಬರೆಯುತ್ತಲೇ ಇದ್ದರೆ, ಅಣಕಿಸಿದವರಿಗೂ ಅಣಕಿಸಿಕೊಂಡವರಿಗೂ ನಿಮ್ಮ ಬೆನ್ನು ಒಂದೇ ರೀತಿ ಕಾಣುವುದಿಲ್ಲ. ನಾನು ಅಂಥ ಬೆನ್ನುಗಳನ್ನು ಬಹಳ ನೋಡಿದ್ದೇನೆ.

ಗಣಿತ ಬೋಧಕ:

ನ್ಯೂಮನ್ ಹೆಸರು ನನಗೆ ಸಂಸ್ಥಿತಿಶಾಸ್ತ್ರದಿಂದ ಗೊತ್ತಿತ್ತು, ಈ ಸಾಕ್ಷ್ಯದ ಸಂಗತಿ ತಿಳಿದಿರಲಿಲ್ಲ. ಬೆನ್ನಿನ ಮಾತು ನಾಟಿತು, ಒಪ್ಪುತ್ತೇನೆ. ಹಾಗಾದರೆ ಆ ಗಳಿಗೆಯಲ್ಲಿ ಮಾಡಬೇಕಾದುದೇನು? ಪಾಠ ನಿಲ್ಲಿಸಿ ಉಪದೇಶ ಮಾಡಿದರೆ ಎಲ್ಲರ ಕಣ್ಣೂ ಅಣಕಕ್ಕೆ ಗುರಿಯಾದವರ ಮೇಲೆಯೇ ಬೀಳುತ್ತದೆ; ಆಗ ಉಪಕಾರಕ್ಕಿಂತ ಅಪಕಾರವೇ ಹೆಚ್ಚಾಗುವುದಿಲ್ಲವೇ?

ಸಂಶೋಧನಾ ವಿದ್ಯಾರ್ಥಿನಿ:

ಉಪದೇಶ ಬೇಡ, ಸರ್. ಅಣಕಿಸಿದವರ ಕಡೆಗೆ ನೋಡಿ "ಈ ತರಗತಿಯಲ್ಲಿ ಅಂಥ ಮಾತು ನಡೆಯುವುದಿಲ್ಲ" ಎಂದು ಒಂದೇ ವಾಕ್ಯ ಹೇಳಿ, ಮುಂದಿನ ಸಮೀಕರಣಕ್ಕೆ ಹೋಗಿ. ಯಾರನ್ನು ಅಣಕಿಸಲಾಯಿತೋ ಅವರ ಕಡೆಗೆ ಆಗ ನೋಡಲೇಬೇಡಿ, ಅವರ ಪರವಾಗಿ ಹೇಳುತ್ತಿದ್ದೇನೆಂದು ಸೂಚಿಸಲೂ ಬೇಡಿ. ಅಣಕಿಸಿದವರನ್ನು ಬೇಕಾದರೆ ಆಮೇಲೆ ಪ್ರತ್ಯೇಕವಾಗಿ ಕರೆದು ಮಾತನಾಡಿ. ಆ ಒಂದು ವಾಕ್ಯ ಮೊದಲ ವಾರದಲ್ಲೇ ಬಂದರೆ, ಸಾಮಾನ್ಯವಾಗಿ ಎರಡನೆಯ ಸಲ ಅದನ್ನು ಹೇಳುವ ಪ್ರಸಂಗವೇ ಬರುವುದಿಲ್ಲ. ಬರೆಯದೆ ಉಳಿದ ನಿಯಮಗಳನ್ನು ವಿದ್ಯಾರ್ಥಿಗಳು ಬೇಗ ಓದಿಕೊಳ್ಳುತ್ತಾರೆ.

ಪರೀಕ್ಷಾ ವಿಭಾಗದ ಸಿಬ್ಬಂದಿ:

ಚರ್ಚೆ ಇಷ್ಟು ಹೊತ್ತೂ ಬೋಧಕರ ಸುತ್ತಲೇ ನಡೆದಿದೆ. ನಾನು ಪರೀಕ್ಷಾ ವಿಭಾಗದ ಕಿಟಕಿಯ ಹಿಂದೆ ಕುಳಿತುಕೊಳ್ಳುವವನು. ಒಬ್ಬ ಬೋಧಕರು ಒಳ್ಳೆಯವರಲ್ಲದಿದ್ದರೆ ವಿದ್ಯಾರ್ಥಿ ಇನ್ನೊಬ್ಬರ ಬಳಿ ಹೋಗಬಹುದು. ಅಂಕಪಟ್ಟಿ ಬೇಕಾದವರು ನನ್ನ ಕಿಟಕಿಗೇ ಬರಬೇಕು, ಬೇರೆ ದಾರಿಯಿಲ್ಲ. ಆದ್ದರಿಂದ ನಮ್ಮ ವರ್ತನೆಯ ಬಗ್ಗೆಯೂ ಸ್ವಲ್ಪ ಹೇಳಬೇಕು.

ಹೆಸರು ಬದಲಾಯಿಸಿಕೊಂಡ ಲಿಂಗತ್ವ ಅಲ್ಪಸಂಖ್ಯಾತ ವಿದ್ಯಾರ್ಥಿಯೊಬ್ಬರನ್ನು ಸಾಲಿನಲ್ಲಿ ನಲವತ್ತು ಜನರ ನಡುವೆ ಹಳೆಯ ಹೆಸರಿನಿಂದ ಗಟ್ಟಿಯಾಗಿ ಕೂಗಿದರೆ, ಅವರು ಯಾರಿಗೂ ಹೇಳದೆ ಉಳಿಸಿಕೊಂಡಿದ್ದ ಸಂಗತಿಯನ್ನು ನಾವು ಅರೆಕ್ಷಣದಲ್ಲಿ ಊರಿಗೆಲ್ಲ ಡಂಗುರ ಸಾರಿದಂತೆ. ಗುರುತಿನ ಚೀಟಿಯಲ್ಲಿನ ಭಾವಚಿತ್ರವನ್ನೂ ಎದುರಿಗಿರುವ ಮುಖವನ್ನೂ ಮೂರು ಸಲ ನೋಡಿ, ಪಕ್ಕದ ಮೇಜಿನವರನ್ನು ಕರೆದು ತೋರಿಸುವುದನ್ನು ನಾನು ಕಂಡಿದ್ದೇನೆ. ಸೇವೆಗೆ ಸೇರಿದ ಹೊಸದರಲ್ಲಿ ನಾನೂ ಹಾಗೆ ಮಾಡಿದ್ದೇನೆ ಎಂದು ಒಪ್ಪಿಕೊಳ್ಳುತ್ತೇನೆ. ಈಗ ನಾನು ಎಲ್ಲರನ್ನೂ ಟೋಕನ್ ಸಂಖ್ಯೆಯಿಂದ ಕರೆಯುತ್ತೇನೆ. ಇದಕ್ಕೆ ಯಾರ ಆದೇಶವೂ ಬೇಕಾಗಲಿಲ್ಲ, ಒಂದು ಪೈಸೆಯೂ ಖರ್ಚಾಗಲಿಲ್ಲ.

ಕಾನೂನಿನ ದಾಖಲೆ ಬದಲಾಗದೆ ಪದವಿಪತ್ರದಲ್ಲಿ ಹೆಸರು ಬದಲಾಯಿಸಲು ನಮಗೆ ಅಧಿಕಾರ ಇರುವುದಿಲ್ಲ. ಆದರೆ ಹಾಜರಿ ಪಟ್ಟಿ, ಗ್ರಂಥಾಲಯದ ಚೀಟಿ, ಮಿಂಚಂಚೆಯ ವಿಳಾಸ, ಪ್ರಯೋಗಾಲಯದ ತಂಡಗಳ ಪಟ್ಟಿ ಇವೆಲ್ಲ ಒಳಬಳಕೆಯವು. ಅವುಗಳಲ್ಲಿ ಕರೆಯುವ ಹೆಸರಿಗೊಂದು ಅಂಕಣ ಇಡಲು ಸಾಧಾರಣವಾಗಿ ಅಡ್ಡಿಯಾಗುವುದು ಕಾನೂನಲ್ಲ, "ತಂತ್ರಾಂಶದಲ್ಲಿ ಆ ಅವಕಾಶವಿಲ್ಲ" ಎಂಬ ನಮ್ಮ ಅಭ್ಯಾಸದ ಉತ್ತರ. ಟೆಕ್ಸಸ್ ವಿಶ್ವವಿದ್ಯಾಲಯದ ಸ್ಟೀಫನ್ ರಸೆಲ್ ಮತ್ತವರ ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. 15ರಿಂದ 21 ವರ್ಷದೊಳಗಿನ 129 ಮಂದಿ ಲಿಂಗತ್ವ ಅಲ್ಪಸಂಖ್ಯಾತರನ್ನು ಮಾತನಾಡಿಸಿ, ಅವರು ಆರಿಸಿಕೊಂಡ ಹೆಸರನ್ನು ಮನೆ, ಶಿಕ್ಷಣಸಂಸ್ಥೆ, ಕೆಲಸದ ಜಾಗ, ಗೆಳೆಯರ ಬಳಗ ಈ ನಾಲ್ಕು ಕಡೆಗಳಲ್ಲಿ ಎಲ್ಲೆಲ್ಲಿ ಬಳಸಲಾಗುತ್ತಿದೆ ಎಂದು ಅವರು ಕೇಳಿದರು. ಆ ಹೆಸರು ನಡೆಯುವ ಜಾಗ ಒಂದು ಹೆಚ್ಚಾದರೂ ಆತ್ಮಹತ್ಯೆಯ ಯೋಚನೆಗಳು ಶೇ. 29ರಷ್ಟು ಕಡಿಮೆಯಿದ್ದವು. ನಾಲ್ಕರಲ್ಲಿ ಒಂದು ಜಾಗ ನಮ್ಮ ಕೈಯಲ್ಲೇ ಇದೆ ಎಂಬುದನ್ನು ಓದಿದ ಮೇಲೆ ತಂತ್ರಾಂಶದ ನೆಪ ಹೇಳಲು ನನಗೆ ನಾಲಗೆ ಏಳಲಿಲ್ಲ.

ಗ್ರಂಥಾಲಯದ ಉದ್ಯೋಗಿ:

ಮೇಲಿನವರ ಮಾತಿಗೆ ಒಂದೇ ಸೇರ್ಪಡೆ. ನಮ್ಮಲ್ಲಿ ಈ ವಿಷಯದ ಪುಸ್ತಕಗಳನ್ನು ಎರವಲು ಕೇಳಿ ಬರುವವರಿಗಿಂತ, ಕಪಾಟಿನ ಬಳಿಯೇ ನಿಂತು ಓದಿ ಇಟ್ಟುಹೋಗುವವರು ಹೆಚ್ಚು. ಎರವಲಿನ ದಾಖಲೆ ಯಾರಾದರೂ ನೋಡಬಹುದೆಂಬ ಭಯ ಅವರದು. ಆ ಕಪಾಟು ನನ್ನ ಮೇಜಿನ ಎದುರಿಗಿತ್ತು. ಅದನ್ನು ಒಳಗಿನ ಮೂಲೆಗೆ ಸರಿಸಿ ಪಕ್ಕದಲ್ಲೊಂದು ಕುರ್ಚಿ ಹಾಕಿದೆವು.

ಭಾಷಾ ಬೋಧಕಿ:

ನಮ್ಮ ನುಡಿಯಲ್ಲೇ ಇರುವ ಒಂದು ಅನುಕೂಲವನ್ನು ಇಲ್ಲಿ ನೆನಪಿಸಬೇಕು. ಇಂಗ್ಲಿಷಿನಲ್ಲಿ ಗಂಡು ಹೆಣ್ಣು ಎರಡಕ್ಕೂ ಸಲ್ಲುವ ಏಕವಚನದ ಸರ್ವನಾಮದ ಬಗ್ಗೆ ದೊಡ್ಡ ವಾಗ್ವಾದವೇ ನಡೆದಿದೆ. ಕನ್ನಡದಲ್ಲಿ ಅವನು, ಅವಳು ಎಂದಾಗ ಕ್ರಿಯಾಪದವೂ ಬಂದನು, ಬಂದಳು ಎಂದು ಲಿಂಗವನ್ನು ಹೊತ್ತುಕೊಂಡೇ ಬರುತ್ತದೆ ನಿಜ. ಆದರೆ "ಅವರು ಬಂದರು" ಎಂದರೆ ಯಾವ ಲಿಂಗವೂ ಇಲ್ಲ, ಗೌರವ ಮಾತ್ರ ಇದೆ. ಎದುರಿಗಿದ್ದು ಮಾತನಾಡುವಾಗ ನೀನು, ನೀವು ಎರಡೂ ಲಿಂಗದ ಗೊಡವೆಗೆ ಹೋಗುವುದೇ ಇಲ್ಲ.

ಇದರಲ್ಲೊಂದು ಎಚ್ಚರವೂ ಬೇಕು. ಉಳಿದವರನ್ನೆಲ್ಲ ಅವನು, ಅವಳು ಎನ್ನುತ್ತ, ಒಬ್ಬರನ್ನು ಮಾತ್ರ "ಅವರು" ಎಂದರೆ ಗೌರವವೇ ಬೆರಳು ತೋರಿಸಿದಂತಾಗುತ್ತದೆ. ಅದಕ್ಕಾಗಿ ನಾನು ತರಗತಿಯಲ್ಲಿ ಎಲ್ಲ ವಿದ್ಯಾರ್ಥಿಗಳನ್ನೂ ಬಹುವಚನದಲ್ಲೇ ಸಂಬೋಧಿಸುತ್ತೇನೆ. ಮೊದಮೊದಲು ಅವರೇ ನಕ್ಕರು, ಈಗ ಅಭ್ಯಾಸವಾಗಿದೆ. ಆದರೆ ತಾನು ಅವಳು ಎಂದೇ ಕರೆಯಿಸಿಕೊಳ್ಳಬೇಕೆಂದು ವರ್ಷಗಟ್ಟಲೆ ಕಾದವರಿಗೆ "ಅವರು" ಎಂಬುದು ಜಾರಿಕೊಳ್ಳುವ ಉಪಾಯದಂತೆ ಕೇಳಿಸಬಹುದು. ಆಗ ಅವರನ್ನೇ ಕೇಳಿ ಹಾಗೆಯೇ ಕರೆಯಬೇಕು. ತಪ್ಪಿ ಹಳೆಯ ಹೆಸರೋ ಸರ್ವನಾಮವೋ ಬಾಯಿಗೆ ಬಂದರೆ ತಿದ್ದಿಕೊಂಡು ಮುಂದೆ ಹೋಗಿ. ಐದು ನಿಮಿಷ ಕ್ಷಮೆ ಕೇಳುತ್ತ ನಿಂತರೆ ಕೊನೆಗೆ ಆ ವಿದ್ಯಾರ್ಥಿಯೇ ನಿಮ್ಮನ್ನು ಸಮಾಧಾನಪಡಿಸಬೇಕಾಗುತ್ತದೆ!

ಆಪ್ತಸಮಾಲೋಚಕಿ:

ಗಣಿತ ಬೋಧಕರು ಕೇಳಿದ ಪ್ರಶ್ನೆಯ ಒಂದು ಭಾಗಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲವೆಂದು ತೋರುತ್ತದೆ. ಬೋಧಕರು ಸಮಾಲೋಚಕರಾಗಬೇಕಿಲ್ಲ, ನಿಜ. ಆದರೆ ವಿದ್ಯಾರ್ಥಿ ಹೇಳಿಕೊಂಡ ತಕ್ಷಣ "ಸಮಾಲೋಚಕರನ್ನು ನೋಡಿ" ಎಂದು ನನ್ನ ಕೊಠಡಿಯ ದಾರಿ ತೋರಿಸುವುದೂ ಸರಿಯಲ್ಲ. ಅವರು ತಮ್ಮ ಬದುಕಿನ ಒಂದು ಸತ್ಯವನ್ನು ಹೇಳಿದ್ದಾರೆ, ರೋಗಲಕ್ಷಣವನ್ನಲ್ಲ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಬದುಕುವುದು ಬೇಡವೆನಿಸುತ್ತಿದೆ ಎಂದಾಗ ಕಳುಹಿಸಿ. ಸಾಧ್ಯವಾದರೆ ಜೊತೆಯಲ್ಲಿ ನಡೆದು ಬನ್ನಿ.

ಈ ವಿದ್ಯಾರ್ಥಿಗಳಲ್ಲಿ ಖಿನ್ನತೆ ಹೆಚ್ಚಾಗಿ ಕಾಣುವುದಕ್ಕೆ ಕಾರಣ ಅವರ ಪ್ರೇಮವಲ್ಲ. ಇಲನ್ ಮೇಯರ್ ಎಂಬ ಸಂಶೋಧಕರು 2003ರಲ್ಲಿ ವಿವರಿಸಿದಂತೆ, ಅವಮಾನವಾಗುವುದು, ಅವಮಾನವಾದೀತೆಂದು ದಿನವಿಡೀ ಕಾಯುವುದು, ಬಚ್ಚಿಡುವುದು, ಕೊನೆಗೆ ಸುತ್ತಲಿನವರ ತಿರಸ್ಕಾರವನ್ನು ತಾವೇ ನಂಬತೊಡಗುವುದು, ಇವೆಲ್ಲ ಸೇರಿ ಹೇರುವ ಹೊರೆ ಅದು. ಬಚ್ಚಿಡುವ ಶ್ರಮ ಎಷ್ಟೆಂದು ತಿಳಿಯಬೇಕಾದರೆ, ಒಂದೇ ಒಂದು ದಿನ ನಿಮ್ಮ ಮನೆಯವರ ಬಗ್ಗೆ ಒಂದು ಮಾತೂ ಬಾಯಿಗೆ ಬಾರದಂತೆ ಸಹೋದ್ಯೋಗಿಗಳೊಂದಿಗೆ ಹರಟಿ ನೋಡಿ. ಟ್ರೆವರ್ ಪ್ರಾಜೆಕ್ಟ್ ಎಂಬ ಅಮೆರಿಕದ ಸಂಸ್ಥೆ 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ತಮ್ಮನ್ನು ಒಪ್ಪಿಕೊಳ್ಳುವ ಹಿರಿಯರೊಬ್ಬರಾದರೂ ಇದ್ದಾರೆಂದ ಯುವಜನರಲ್ಲಿ ಹಿಂದಿನ ಒಂದು ವರ್ಷದಲ್ಲಿ ಆತ್ಮಹತ್ಯೆಗೆ ಯತ್ನಿಸಿದ್ದಾಗಿ ಹೇಳಿದವರ ಪ್ರಮಾಣ ಶೇ. 40ರಷ್ಟು ಕಡಿಮೆಯಿತ್ತು. ಇದೊಂದೇ ಕಾರಣವೆಂದು ಹೇಳಲಾಗದು. ಆದರೂ ಆ "ಒಬ್ಬರು" ಅನೇಕರ ಪಾಲಿಗೆ ಮನೆಯವರಾಗಿರುವುದಿಲ್ಲ ಎಂಬುದು ನನ್ನ ಕೊಠಡಿಯಲ್ಲಿ ದಿನವೂ ಕಾಣುವ ಸಂಗತಿ.

ಗುಟ್ಟಿನ ವಿಷಯದಲ್ಲಿ ಒಂದು ಕಷ್ಟದ ಮಾತು. "ಯಾರಿಗೂ ಹೇಳುವುದಿಲ್ಲ" ಎಂದು ಮಾತು ಕೊಡುವ ಮೊದಲು ನಿಮ್ಮ ಸಂಸ್ಥೆಯ ನಿಯಮವನ್ನು ಓದಿರಬೇಕು. ಲೈಂಗಿಕ ಕಿರುಕುಳವನ್ನೋ ಪ್ರಾಣಾಪಾಯವನ್ನೋ ಕೇಳಿಸಿಕೊಂಡ ಸಿಬ್ಬಂದಿ ಅದನ್ನು ವರದಿ ಮಾಡಲೇಬೇಕೆಂಬ ನಿಯಮ ಅನೇಕ ವಿಶ್ವವಿದ್ಯಾಲಯಗಳಲ್ಲಿದೆ. ಅಂಥ ನಿಯಮವಿದ್ದರೆ ಅದನ್ನು ವಿದ್ಯಾರ್ಥಿ ಬಾಯಿ ಬಿಡುವ ಮುನ್ನವೇ ತಿಳಿಸಿ: "ನೀವು ಯಾರೆಂಬುದು ನನ್ನಲ್ಲೇ ಉಳಿಯುತ್ತದೆ. ಆದರೆ ಯಾರಾದರೂ ನಿಮಗೆ ಹಾನಿ ಮಾಡಿದ್ದರೆ ಅದನ್ನು ನಾನು ತಿಳಿಸಬೇಕಾಗಬಹುದು." ಎಷ್ಟು ಹೇಳಬೇಕೆಂಬುದನ್ನು ಅವರೇ ಅಳೆದುಕೊಳ್ಳುತ್ತಾರೆ. ಸಲಿಂಗ ಸಂಬಂಧವನ್ನು ಅಪರಾಧವೆನ್ನುವ ದೇಶಗಳು ಇಂದಿಗೂ 60ಕ್ಕೂ ಹೆಚ್ಚಿವೆ. ಅಲ್ಲಿಂದ ಓದಲು ಬಂದವರ ವಿಷಯದಲ್ಲಿ ಒಂದು ಸಡಿಲ ಮಿಂಚಂಚೆ ಕೂಡ ಅವರು ಊರಿಗೆ ಮರಳಿದ ಮೇಲೆ ಅಪಾಯ ತರಬಹುದು.

ಇನ್ನೊಂದು: "ಇದನ್ನು ಗುಣಪಡಿಸುವವರಿದ್ದಾರೆ" ಎಂದು ಯಾರಾದರೂ ಹಿರಿಯರು ವಿಳಾಸ ಕೊಟ್ಟರೆ ಅದನ್ನು ವಿದ್ಯಾರ್ಥಿಗೆ ದಾಟಿಸಲೇಬೇಡಿ. ಅಂಥ ಚಿಕಿತ್ಸೆಯೇ ಇಲ್ಲ. ಅದರ ಹೆಸರಿನಲ್ಲಿ ನಡೆಯುವುದು ಹಿಂಸೆ.

ಹಳೆಯ ವಿದ್ಯಾರ್ಥಿ:

ಬಾಗಿಲಿಗೆ ಅಂಟಿಸುವ ಬಣ್ಣದ ಗುರುತುಗಳ ಬಗ್ಗೆ ಇನ್ನೂ ಯಾರೂ ಮಾತನಾಡಿಲ್ಲವಾದ್ದರಿಂದ ನಾನೇ ಹೇಳುತ್ತೇನೆ. ಅಮೆರಿಕದ ಬಾಲ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1992ರಲ್ಲಿ ಆರಂಭವಾಯಿತೆನ್ನಲಾಗುವ "ಸುರಕ್ಷಿತ ವಲಯ" ಎಂಬ ಕಾರ್ಯಕ್ರಮ ಈಗ ಅನೇಕ ಕಡೆ ನಡೆಯುತ್ತದೆ: ಕೆಲವು ಗಂಟೆಗಳ ತರಬೇತಿ ಪಡೆದ ಬೋಧಕರೂ ಸಿಬ್ಬಂದಿಯೂ ತಮ್ಮ ಕೊಠಡಿಯ ಬಾಗಿಲಿಗೆ ಒಂದು ಗುರುತು ಹಚ್ಚಿಕೊಳ್ಳುತ್ತಾರೆ. ವಿದ್ಯಾರ್ಥಿಯಾಗಿ ನಾನು ಅಂಥ ಗುರುತನ್ನು ಹುಡುಕಿಕೊಂಡು ಇಡೀ ಮೊಗಸಾಲೆ ನಡೆದಿದ್ದೇನೆ, ಅದರ ಬೆಲೆ ನನಗೆ ಗೊತ್ತು. ಗುರುತಿದ್ದ ಬಾಗಿಲಿನ ಹಿಂದೆಯೇ ಕುಹಕವನ್ನೂ ಕೇಳಿದ್ದೇನೆ. ಹೊರಗೆ ಗುರುತು ಹಚ್ಚಿಕೊಂಡವರು ಒಳಗೆ ನೋಯಿಸಿದರೆ ಅದು ಇಮ್ಮಡಿ ನೋವು, ಏಕೆಂದರೆ ಆ ಬಾಗಿಲನ್ನು ತಟ್ಟಿದ್ದು ನಂಬಿಕೆಯಿಂದ.

ಇದಕ್ಕಿಂತ ಹಳೆಯದಾದ, ನನಗೆ ಬಹಳ ಇಷ್ಟವಾದ ಒಂದು ಪ್ರಸಂಗವಿದೆ. 1966-67ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಲಿಂಗಪ್ರೇಮಿ ವಿದ್ಯಾರ್ಥಿಗಳ ಸಂಘವೊಂದು ಮಾನ್ಯತೆ ಕೋರಿದಾಗ ಆಡಳಿತ ಸದಸ್ಯರ ಪಟ್ಟಿ ಕೇಳಿತು. ಪಟ್ಟಿಯಲ್ಲಿ ಹೆಸರು ಬರೆದರೆ ಗುಟ್ಟು ಬಯಲು, ಬರೆಯದಿದ್ದರೆ ಮಾನ್ಯತೆ ಇಲ್ಲ. ಆಗ ಸಂಘ ಕಟ್ಟಿದವರು ಕ್ಯಾಂಪಸ್ಸಿನ ಹೆಸರಾಂತ ವಿದ್ಯಾರ್ಥಿ ಮುಖಂಡರನ್ನು ಒಪ್ಪಿಸಿ, ಅವರನ್ನೇ ನಾಮಮಾತ್ರ ಸದಸ್ಯರನ್ನಾಗಿ ಮಾಡಿ ಪಟ್ಟಿ ತುಂಬಿಸಿದರು. ಅಂದರೆ ಕೆಲವರು ತಮ್ಮ ಹೆಸರನ್ನು ಕೊಟ್ಟದ್ದರಿಂದ ಉಳಿದವರು ತಮ್ಮ ಹೆಸರನ್ನು ಕೊಡಬೇಕಾಗಲಿಲ್ಲ. ಮಿಷಿಗನ್ ವಿಶ್ವವಿದ್ಯಾಲಯ 1971ರಲ್ಲಿ ಇಬ್ಬರು ಅರೆಕಾಲಿಕ ಸಿಬ್ಬಂದಿಯನ್ನಿಟ್ಟು ಇಂಥ ವಿದ್ಯಾರ್ಥಿಗಳಿಗಾಗಿಯೇ ಕಚೇರಿ ತೆರೆದದ್ದು ಅದರ ನಂತರದ ಕತೆ.

ಪಟ್ಟಿ ಎಂದರೆ ನಮಗೇಕೆ ಭಯ ಎಂದು ಕೇಳುವವರಿಗೆ: 1920ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಐವರು ಆಡಳಿತಗಾರರು ಗುಟ್ಟಾಗಿ ವಿಚಾರಣೆ ಕೂಡಿಸಿ, ಸಲಿಂಗಪ್ರೇಮಿಗಳೆಂಬ ಸಂಶಯದ ಮೇಲೆ ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಪ್ರಶ್ನಿಸಿ ಹೊರಹಾಕಿದರು. ಆ ಕಡತಗಳು ಅಲ್ಲಿನ ವಿದ್ಯಾರ್ಥಿ ಪತ್ರಿಕೆಯಿಂದ ಬೆಳಕಿಗೆ ಬಂದದ್ದು 2002ರಲ್ಲಿ, 82 ವರ್ಷಗಳ ಮೇಲೆ.

ಹೆಸರು ಹೇಳಿಕೊಳ್ಳದ ಬೋಧಕ:

ನಾನೂ ಸಲಿಂಗಪ್ರೇಮಿ, ಹದಿನೆಂಟು ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ. ನನ್ನ ವಿಭಾಗದಲ್ಲಿ ಯಾರಿಗೂ ಹೇಳಿಲ್ಲ. ಆದರೂ ಹೇಗೋ ವಿದ್ಯಾರ್ಥಿಗಳು ನನ್ನ ಕೊಠಡಿಗೇ ಬರುತ್ತಾರೆ. ಆ ಹೊರೆಯನ್ನು ಸಂತೋಷದಿಂದಲೇ ಹೊತ್ತಿದ್ದೇನೆ, ಆದರೆ ಅದು ಹೊರೆಯೇ. ಅದನ್ನು ಕೆಲಸದ ಲೆಕ್ಕಕ್ಕೆ ಯಾರೂ ಹಿಡಿಯುವುದಿಲ್ಲ, ಹಿಡಿಯಿರಿ ಎಂದು ಕೇಳಲು ನಾನು ಬಾಯಿ ಬಿಡುವಂತೆಯೂ ಇಲ್ಲ. ಒತ್ತಾಸೆಯಾಗಿ ನಿಲ್ಲುವ ಇತರ ಬೋಧಕರು ಬೇಕು ಎನ್ನುವುದಕ್ಕೆ ನನ್ನ ಸ್ವಾರ್ಥದ ಕಾರಣ ಇದು.

ಧೈರ್ಯವಾಗಿ ಹೇಳಿಕೊಂಡವರ ಬಗ್ಗೆ ನನಗೆ ಅಸೂಯೆಯೂ ಇದೆ, ಕೃತಜ್ಞತೆಯೂ ಇದೆ. ಸ್ಟ್ಯಾನ್‌ಫರ್ಡ್‌ನ ನರವಿಜ್ಞಾನಿ ಬೆನ್ ಬ್ಯಾರಸ್ 1997ರಲ್ಲಿ ಲಿಂಗಪರಿವರ್ತನೆ ಮಾಡಿಕೊಂಡರು. ಹೆಣ್ಣೆಂದು ಕಾಣಿಸಿಕೊಂಡಿದ್ದಾಗಲೂ ಗಂಡೆಂದು ಕಾಣಿಸಿಕೊಂಡ ಮೇಲೂ ವಿಜ್ಞಾನಲೋಕ ತಮ್ಮನ್ನು ಎಷ್ಟು ಬೇರೆಯಾಗಿ ನಡೆಸಿಕೊಂಡಿತೆಂದು 2006ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಗಣಕಯಂತ್ರ ವಿಜ್ಞಾನಿ ಲಿನ್ ಕಾನ್ವೇ ಅವರನ್ನು ಲಿಂಗಪರಿವರ್ತನೆಯ ಕಾರಣಕ್ಕೆ ಐಬಿಎಂ 1968ರಲ್ಲಿ ಕೆಲಸದಿಂದ ತೆಗೆಯಿತು. ಅವರು ಮುಂದೆ ಮಿಷಿಗನ್‌ನಲ್ಲಿ ಪ್ರಾಧ್ಯಾಪಕಿಯಾದರು. ಆ ಸಂಸ್ಥೆ ಕ್ಷಮೆ ಕೇಳಿದ್ದು 2020ರಲ್ಲಿ. ಇಂಥ ಒಬ್ಬ ಬೋಧಕರಾದರೂ ನಾನು ಓದುವಾಗ ನನ್ನೆದುರಿಗೆ ಇದ್ದಿದ್ದರೆ ಎಂದುಕೊಳ್ಳುತ್ತೇನೆ. ಆಮೇಲೆ, ನನ್ನ ವಿದ್ಯಾರ್ಥಿಗಳೂ ಹಾಗೆಯೇ ಅಂದುಕೊಳ್ಳುತ್ತಿರಬಹುದು ಎಂಬುದೂ ಹೊಳೆಯುತ್ತದೆ.

ಉಪನ್ಯಾಸಕಿಯವರಿಗೆ: ಆ ವಿದ್ಯಾರ್ಥಿ ಬಾಗಿಲ ಬಳಿ ನಿಂತು ಹೇಳಿದ್ದು ಏಕೆಂದು ನನಗೆ ಗೊತ್ತು. ನಿಮ್ಮ ಮುಖ ಬದಲಾದರೆ ತಕ್ಷಣ ಹೊರಗೆ ಹೋಗಲು ಅಲ್ಲಿ ಅನುಕೂಲ. ಆ ಒಂದು ಉತ್ತರದಿಂದ ಎಲ್ಲವೂ ಕೆಟ್ಟಿತೆಂದು ಭಾವಿಸಬೇಡಿ. ಅವರು ಇನ್ನೊಂದು ಸಲ ಅಂಕಗಳ ನೆಪ ಹೇಳಿಕೊಂಡು ಬರುತ್ತಾರೋ ನೋಡಿ. ನೀವಾಗಿ ಕರೆಸಬೇಡಿ.

ಉಪನ್ಯಾಸಕಿ (ಚರ್ಚೆ ಆರಂಭಿಸಿದವರು):

ನಿನ್ನೆ ಬಂದಿದ್ದರು. ಅಂಕಗಳ ಬಗ್ಗೆಯೇ ಮಾತು ಶುರುವಾಯಿತು. ಮಾತು ಮುಗಿದ ಮೇಲೆ, ಹೋದ ಸಲ ನಾನು ಹೇಳಿದ್ದು ಸರಿಯಾಗಿರಲಿಲ್ಲ ಎಂದೆ. ನಂಬಿ ಹೇಳಿದ್ದು ಒಳ್ಳೆಯದಾಯಿತು ಎಂದೆ. ಆಮೇಲೆ ಆ ಎರಡು ಪ್ರಶ್ನೆಗಳನ್ನು ಕೇಳಿದೆ. ಮೊದಲನೆಯದಕ್ಕೆ ಥಟ್ಟನೆ ಉತ್ತರ ಬಂತು. ಎರಡನೆಯದಕ್ಕೆ ಬಹಳ ಹೊತ್ತು ಯೋಚಿಸಿ ಒಂದೊಂದೇ ಹೆಸರು ಹೇಳಿದರು. ನಾನು ಏನನ್ನೂ ಬರೆದುಕೊಳ್ಳಲಿಲ್ಲ. ಮುಂದಿನ ತಿಂಗಳ ಅಧ್ಯಯನ ಪ್ರವಾಸದಲ್ಲಿ ಕೊಠಡಿ ಹಂಚಿಕೆಯ ಪಟ್ಟಿಯನ್ನು ಮಾಡುವವಳು ನಾನೇ ಎಂದು ತಿಳಿದು, ಅದರ ಬಗ್ಗೆ ಒಂದು ಕೋರಿಕೆಯನ್ನೂ ಇಟ್ಟರು. ಕೊಠಡಿಯ ಜೊತೆಗಾರರನ್ನು ಎಲ್ಲ ವಿದ್ಯಾರ್ಥಿಗಳೂ ತಾವೇ ಆರಿಸಿಕೊಂಡು ಚೀಟಿಯಲ್ಲಿ ಬರೆದು ಕೊಡಲಿ ಎಂದು ಇಂದು ಬೆಳಿಗ್ಗೆ ಸೂಚನೆ ಹೊರಡಿಸಿದ್ದೇನೆ. ಹೀಗೇಕೆ ಎಂದು ವಿಭಾಗದ ಮುಖ್ಯಸ್ಥರು ಕೇಳಿದರು. ಪಟ್ಟಿ ಮಾಡುವ ಕೆಲಸ ಹಗುರವಾಗುತ್ತದೆ ಎಂದೆ, ಅದೇನೂ ಸುಳ್ಳಲ್ಲ.

ಈ ಸಲ ಅವರು ಬಾಗಿಲ ಬಳಿ ನಿಲ್ಲಲಿಲ್ಲ, ಕುರ್ಚಿಯಲ್ಲಿ ಕುಳಿತೇ ಮಾತನಾಡಿದರು.